ಮೊದಲ ತಟ್ಟೆ ಅಡುಗೆಯವಳದ್ದೇ

ಬೆಳಕಿನ್ನೂ ಸರಿಯಾಗಿ ಮೂಡಿಲ್ಲ. ದಡಕ್ಕೆ ಕಟ್ಟಿದ ಬಿಳಿ ದೋಣಿಯ ಒಳಗೆ, ಕೈಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಅಡುಗೆಮನೆಯಲ್ಲಿ, ಅಡುಗೆಯಕ್ಕ ಒಂದೊಂದೇ ಮೊಟ್ಟೆಯನ್ನು ಬಟ್ಟಲಿಗೆ ಒಡೆಯುತ್ತಾರೆ. ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ. ಆಮೇಲಷ್ಟೇ ಅದು ಪಾತ್ರೆಗೆ ಬೀಳುತ್ತದೆ.

"ಮೊಟ್ಟೇನ ನಂಬಿದ್ರೂ ನಂಬಬಹುದು, ಮೊಟ್ಟೆ ತಂದುಕೊಡೋನನ್ನ ನಂಬಕ್ಕಾಗಲ್ಲ," ಎನ್ನುತ್ತಾರೆ.

ತಿಮಿಂಗಿಲ ನೋಡಲು ಬೆಳಗಿನ ದೋಣಿ ಹತ್ತುವವರಿಗೆ ತಿಂಡಿ ಅಲ್ಲೇ: ಬ್ರೆಡ್ಡು, ಮೊಟ್ಟೆ, ಹುರಿದ ಆಲೂಗಡ್ಡೆ, ಚಹಾ. ಕಷ್ಟವೆಂದರೆ, ಅಲೆಗೆ ಹೊಟ್ಟೆ ತೊಳಸಿದವರು ಯಾರೂ ಸಮುದ್ರವನ್ನು ಬೈಯುವುದಿಲ್ಲ. ಬೈಗುಳ ಬರುವುದು ಅಡುಗೆಮನೆಗೆ. ಹಾಗಾಗಿ ಅಕ್ಕ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ತಿಂಡಿ ಕೊಡುವ ಕಿಂಡಿಯಲ್ಲಿ ನಿಂತು, ಮೊದಲ ತಟ್ಟೆಯನ್ನು ಎಲ್ಲರಿಗೂ ಕಾಣುವಂತೆ ತಾವೇ ತಿಂದು ಮುಗಿಸುತ್ತಾರೆ.

"ಮನೇಲಿ ಎಲ್ಲರದ್ದೂ ಆದ್ಮೇಲೆ ನನ್ನ ತಟ್ಟೆ. ಇಲ್ಲಿ ನಾನು ತಿಂದ್ಮೇಲೆ ಎಲ್ಲರದ್ದು. ರಾಣಿ ಅನ್ಕೋಬೇಡಿ ಮತ್ತೆ. ಇಲಿಗೆ ತಿನ್ನಿಸಿ ನೋಡ್ತಾರಲ್ಲ, ಆ ಲೆಕ್ಕ."

ಈ ದೋಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದ ಗಂಡ ಸೊಂಟ ಹಿಡಿದು ಮನೆ ಸೇರಿದಾಗ, ನೆಲ ಒರೆಸಲು ಬಂದವರು ಅಕ್ಕ. ನಿಧಾನಕ್ಕೆ ಒಲೆ ಅವರ ಕೈಗೆ ಬಂತು. ಅದೇ ಒಲೆಯಿಂದ ಮನೆ ನಡೆದಿದೆ, ಇಬ್ಬರು ಹೆಣ್ಣುಮಕ್ಕಳು ಓದಿದ್ದಾರೆ. ಆ ಒಲೆ ಈಗ ಆರುವ ಹಾಗಿದೆ. ತಿಂಡಿ ತಿಂದು ಕಾಯಿಲೆ ಬಿದ್ದೆವೆಂದು ಹೋದವಾರ ಒಂದು ಕುಟುಂಬ ದೂರು ಕೊಟ್ಟಿದೆ. ಇಂದು ಕಂಪನಿಯ ತಪಾಸಣೆಯವರೊಬ್ಬರು ಪ್ರಯಾಣಿಕರಂತೆ ಬರುತ್ತಾರೆ. ಅವರು ಬೇಡವೆಂದು ತಲೆಯಾಡಿಸಿದರೆ ಅಡುಗೆಮನೆಗೆ ಬೀಗ, ಜನಕ್ಕೆ ಬಿಸ್ಕತ್ತಿನ ಪೊಟ್ಟಣ. ಯಾರು ಅವರು ಎಂಬುದು ಕ್ಯಾಪ್ಟನ್ನಿಗೂ ಗೊತ್ತಿಲ್ಲ.

"ಗೊತ್ತಿಲ್ವಂತೆ! ಗೊತ್ತಿದ್ರೂ ಹೇಳೋ ಮುಖಾನಾ ಅದು?" ಎನ್ನುತ್ತಾರೆ ಅಕ್ಕ.

ದೋಣಿ ಹೊರಡುತ್ತದೆ. ತಟ್ಟೆ ಹಂಚುವ ಓರಗಿತ್ತಿ ಕಿಂಡಿಗೆ ತಲೆ ತೂರಿಸುತ್ತಾಳೆ. "ಅಕ್ಕಾ, ಆ ಇಸ್ತ್ರಿ ಅಂಗಿಯವರು ಚಮಚಾನ ಎರಡು ಸಲ ಒರೆಸಿದ್ರು. ಬೆಳಕಿಗೆ ಹಿಡಿದು ಬೇರೆ ನೋಡಿದ್ರು."

"ಅವರೇ ಕಣೇ! ಇನ್ನೊಂದು ಮೊಟ್ಟೆ ಕೊಡು. ನಗ್ತಾ ಕೊಡು, ಸಾಲಗಾರರನ್ನ ನೋಡ್ದಂಗೆ ನೋಡ್ಬೇಡ."

"ನನ್ನ ಮುಖಾನೇ ಹಿಂಗೆ. ನಿಮ್ಮ ಮೈದುನ ಒಪ್ಪಿಕೊಂಡಿಲ್ವಾ?"

ಇಸ್ತ್ರಿ ಅಂಗಿಯವರಿಗೆ ಮೊಟ್ಟೆಯ ಮೇಲೆ ಮೊಟ್ಟೆ ಹೋಗುತ್ತದೆ. ಅವರು ಕನ್ನಡಕದ ಅಂಗಡಿಯವರು, ಕೈಗೆ ಸಿಕ್ಕಿದ್ದನ್ನೆಲ್ಲ ಒರೆಸಿ ಬೆಳಕಿಗೆ ಹಿಡಿಯುವುದು ಕಸುಬಿನಿಂದ ಅಂಟಿದ ಚಟ ಎಂಬುದು ಮೂರನೇ ಮೊಟ್ಟೆಯ ಹೊತ್ತಿಗೆ ತಿಳಿಯುತ್ತದೆ. ಅಕ್ಕನ ಮುಖ ಸಪ್ಪಗಾಗುತ್ತದೆ. ಹಾಗಾದರೆ ಯಾರು? ಆ ಅಜ್ಜಿಯೇ? ಕ್ಯಾಮೆರಾದವನೇ? ಮೂಲೆಯಲ್ಲಿ ಹೂವಿನ ಅಂಗಿ ತೊಟ್ಟ ದಪ್ಪನೆಯವರೊಬ್ಬರು ತಟ್ಟೆಯನ್ನು ಮುಟ್ಟದೆಯೇ ವಾಪಸ್ ಕಳಿಸಿದ್ದಾರೆ. ತಿನ್ನದವರು ಏನು ತಪಾಸಣೆ ಮಾಡಿಯಾರು ಎಂದು ಅಕ್ಕ ಅವರನ್ನು ಬಿಟ್ಟುಬಿಡುತ್ತಾರೆ.

ದಡ ಮರೆಯಾಗಿ ಅಲೆ ಜೋರಾಗುತ್ತದೆ. ಮೈಕಿನಲ್ಲಿ ಕೂಗು: "ಬಲಗಡೆ! ಬಲಗಡೆ ನೋಡಿ!" ಎಲ್ಲರೂ ಅತ್ತ ನುಗ್ಗುತ್ತಾರೆ, ದೋಣಿ ವಾಲುತ್ತದೆ. ಇಂಥ ಹೊತ್ತಿನಲ್ಲಿ ಅಕ್ಕನ ಕೆಲಸ ಒಂದೇ, ಕುದಿಯುವ ಕೆಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುವುದು. ಕಿಂಡಿಯಿಂದ ಅವರಿಗೆ ಕಾಣುವುದು ಸಾಲುಸಾಲು ಬೆನ್ನು. ಇವತ್ತು ಮಾತ್ರ ಒಂದು ಮುಖವೂ ಕಾಣುತ್ತದೆ. ಹೂವಿನ ಅಂಗಿಯವರು ಬಕೆಟ್ ತಬ್ಬಿಕೊಂಡು ಕುಳಿತಿದ್ದಾರೆ.

"ನಾನು ಏನೂ ತಿಂದಿಲ್ಲ," ಎನ್ನುತ್ತಾರೆ ಅವರು, ಉಸಿರೆಳೆದುಕೊಂಡು.

"ಗೊತ್ತು ಸ್ವಾಮಿ. ನಿಮ್ಮ ತಟ್ಟೆ ವಾಪಸ್ ಬಂತಲ್ಲ."

"ಅದಲ್ಲಮ್ಮ... ತಪಾಸಣೆಗೆ ಬಂದಿರೋನು ನಾನೇ. ದೂರು ಓದಿದ್ನಲ್ಲ, ತಿನ್ನಕ್ಕೆ ಭಯ ಆಯ್ತು. ಖಾಲಿ ಹೊಟ್ಟೇಲಿ ಹಿಂಗಾದ್ರೆ, ಇದು ತಿಂಡಿ ಮಾಡಿದ್ದಂತೂ ಅಲ್ಲ."

ದೋಣಿ ಸಮಕ್ಕೆ ಬಂದ ಮೇಲೆ ಅಕ್ಕ ಎರಡು ಲೋಟಕ್ಕೆ ಶುಂಠಿ ಚಹಾ ಬಗ್ಗಿಸುತ್ತಾರೆ. ಒಂದನ್ನು ಅವರೆದುರೇ ತಾವು ಗುಟುಕರಿಸುತ್ತಾರೆ. ಇನ್ನೊಂದನ್ನು ಹೂವಿನ ಅಂಗಿಯವರು ಕುಡಿದು, ಸ್ವಲ್ಪ ಹೊತ್ತಿಗೆ ಒಂದು ಒಣ ಬ್ರೆಡ್ಡನ್ನೂ ಕೇಳಿ ತಿನ್ನುತ್ತಾರೆ.

ದಡ ಸೇರಿದಾಗ ಕ್ಯಾಪ್ಟನ್ ಇಳಿದು ಬಂದು ಹೇಳುತ್ತಾರೆ: "ಅಕ್ಕಾ, ಒಲೆ ಇರುತ್ತಂತೆ. ಸಮುದ್ರದ ತಪ್ಪು ಅಂತಾನೇ ಬರೀತಾರಂತೆ."

"ಬರೀಲಿ ಬಿಡು ತಮ್ಮ. ನಾಳೆ ಬಿಸ್ಕತ್ತಿನ ಪೆಟ್ಟಿಗೆ ಬರದೇ ಇದ್ರೆ ನಂಬ್ತೀನಿ." ಆದರೂ ಬಾಣಲೆ ಉಜ್ಜುವ ಕೈ ಇವತ್ತು ಹಗುರಾಗಿದೆ. ಏನಾದರೂ ಆಸೆ ಇದೆಯೇ ಎಂದು ಯಾರಾದರೂ ಕೇಳಿದರೆ ಕಿಂಡಿಯಿಲ್ಲದ ಬದಿಯ ಗೋಡೆಯನ್ನು ತೋರಿಸುತ್ತಾರೆ.

"ಇಲ್ಲೊಂದು ಕಿಟಕಿ. ತಟ್ಟೆಯಷ್ಟು ಅಗಲ ಇದ್ರೆ ಸಾಕು. ಇಷ್ಟು ವರ್ಷದಲ್ಲಿ ನಾನು ಬೆನ್ನು ಬಿಟ್ಟು ಇನ್ನೇನೂ ನೋಡಿಲ್ಲ. ತಿಮಿಂಗಿಲ ಇದೆ, ಇದೆ ಅಂತ ಎಲ್ಲರೂ ಕಿರುಚ್ತಾರೆ. ಕಣ್ಣಾರೆ ನೋಡೋವರೆಗೂ ನಾನಂತೂ ಒಪ್ಪಲ್ಲ."