ಪಲ್ಪರ್ ನೀರಿನ ಸೌತೆ

ನಮ್ಮ ಮನೆ ಹರಿಹರಪುರದಿಂದ ಮೇಲಕ್ಕೆ, ಕಾಫಿ ತೋಟದ ನಡುವೆ. ಮೊಬೈಲ್ ಕೈಗೆ ಬಂದಿದ್ದರೂ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾಗಿದ್ದ ವರ್ಷಗಳವು. ನಮ್ಮ ಯಜಮಾನರು ಹಠ ಹಿಡಿದು ಹೊಸ ಪಲ್ಪರ್ ಹಾಕಿಸಿದರು. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆಯುವ ಆ ಯಂತ್ರಕ್ಕೆ ನೀರು ಎಷ್ಟಿದ್ದರೂ ಸಾಲದು. ಹಳ್ಳವನ್ನು ಪೂರ್ತಿ ಅದಕ್ಕೇ ತಿರುಗಿಸಿದೆವು. ಕೆಳಗೆ, ಕೊಯ್ಲಾದ ಗದ್ದೆಯಲ್ಲಿ ಬೇಸಿಗೆ ತರಕಾರಿ ಬೆಳೆದು ಕೊಪ್ಪದ ಸಂತೆಗೆ ಒಯ್ಯುತ್ತಿದ್ದ ಹೆಂಗಸಿನ ಪಾತಿ ಒಣಗಿತು. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವಳೇ. ಗಂಡನಿಲ್ಲ, ಎರಡು ಸಣ್ಣ ಹೆಣ್ಣುಮಕ್ಕಳು.

"ವಾರಕ್ಕೆ ಎರಡು ದಿನ ಆದ್ರೂ ಹಳ್ಳ ಬಿಡಿ ಅಮ್ಮ," ಎಂದು ನನ್ನನ್ನು ಕೇಳಿದಳು.

ಯಜಮಾನರು ನಕ್ಕರು. "ಹಳ್ಳದ ನೀರು ಎಂತಕ್ಕೆ ಮಾರಾಯ್ತಿ? ಅದಕ್ಕಿಂತ ಸತ್ವದ ನೀರು ಕೊಡ್ತೀನಿ."

ಸತ್ವದ ನೀರು ಎಂದರೆ ಪಲ್ಪರ್ ತೊಳೆದ ನೀರು. ಕಂದು ಬಣ್ಣ, ಹುಳಿ ನಾತ. ಮೂರು ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ತಿಳಿಯಾದ ಮೇಲೆ ಬಿಡಬೇಕೆಂದು ಪಲ್ಪರ್‌ಗೆ ಪರವಾನಗಿ ಕೊಡುವ ಸರ್ಕಾರಿ ಆಫೀಸಿನವರು ಹೇಳಿದ್ದರು. ಸುಣ್ಣ ಹದವಾಗಿದೆಯೇ ಎಂದು ನೋಡಲು ಅವರು ಕೊಟ್ಟಿದ್ದ ಕಾಗದದ ಪಟ್ಟಿ ಮುಗಿದಾಗ ನಮ್ಮ ಬುದ್ಧಿವಂತಿಕೆ ಶುರುವಾಯಿತು. ಆರತಿ ನೀರು ಮಾಡುವ ಹಾಗೆ ಒಂದು ಲೋಟ ನೀರಿಗೆ ಚಿಟಿಕೆ ಅರಿಶಿನ, ಕೆಂಪಾದರೆ ಶುದ್ಧ ಎಂದು ಅವಳ ಪಾತಿಗೆ ಬಿಡುತ್ತಿದ್ದೆವು. ಈ ಉಪಾಯ ಕೊಟ್ಟವಳು ನಾನೇ. ಕೆಂಪಾದರೆ ಸುಣ್ಣ ಮಿತಿಮೀರಿದೆ ಎಂದರ್ಥ, ಅದು ತಿಳಿಯುವಷ್ಟರಲ್ಲಿ ಅವಳ ಬದನೆ ಎಲೆಗಳ ಅಂಚು ಸುಟ್ಟುಹೋಗಿತ್ತು. ಸೌತೆ ಬಳ್ಳಿ ಹೇಗೋ ಬದುಕಿತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂತಾರಲ್ಲ, ನಾವು ಮಾಡಿದ್ದು ಅದನ್ನೇ.

ಮೊದಲ ಫಲ ನೀರು ಕೊಟ್ಟವರ ಮನೆಗೆ ಹೋಗಬೇಕು ಎನ್ನುವುದು ಅವಳು ಬಿಡದೆ ನಡೆಸಿಕೊಂಡು ಬಂದ ಪದ್ಧತಿ. ಆ ವರ್ಷವೂ ಮೊದಲ ಸೌತೆಗೆ ಕುಂಕುಮ ಹಚ್ಚಿ ತಂದಳು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಅವಳು ತಿರುವು ದಾಟಿದ ಮೇಲೆ ಗೊಬ್ಬರದ ಗುಂಡಿಗೆ ಎಸೆದೆ. ದನಕ್ಕೂ ಹಾಕಲಿಲ್ಲ, ಅದರ ಹಾಲು ನಾವು ಕುಡಿಯಬೇಕಲ್ಲ.

ಆ ವಾರವೇ ಆಫೀಸಿನ ಸಾಹೇಬರು ಜೀಪಿನಲ್ಲಿ ಬಂದರು. ಯಜಮಾನರು ಅವರನ್ನು ಗುಂಡಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲಿಸದೆ ನೇರ ಸೌತೆ ಪಾತಿಗೆ ಕರೆದೊಯ್ದರು. ನಾನೂ ಹಿಂದೆಯೇ ಹೋದೆ.

"ಇದನ್ನ ನೀವು ತಿಂತೀರೇನಮ್ಮಾ?" ಸಾಹೇಬರು ಅವಳನ್ನೇ ಕೇಳಿದರು.

"ಅಮ್ಮೋರ ಮನೇಲಿ ತಿಂದಿದಾರೆ ಸಾರ್. ನಾವೂ ಇನ್ನು ತಿಂತೀವಿ," ಎಂದು ನನ್ನ ಮುಖ ನೋಡಿದಳು.

"ಹುಳಿ ಮಾಡಿದ್ದೆ. ಒಳ್ಳೆ ರುಚಿ," ಎಂದೆ. ನಾಲಗೆ ತಡವರಿಸಲೂ ಇಲ್ಲ. ಪರವಾನಗಿ ಕಾಗದಕ್ಕೆ ಸಾಹೇಬರ ಸಹಿ ಬಿತ್ತು.

ಮರುದಿನ ಗೊಬ್ಬರ ಹೊರಲು ಬಂದವಳು ಅವಳೇ. ಗುದ್ದಲಿಗೆ ಸೌತೆ ಸಿಕ್ಕಿತು. ಕೊಳೆತಿದ್ದರೂ ಕುಂಕುಮದ ಬೊಟ್ಟು ಕಾಣುತ್ತಿತ್ತು. ಬಾವಿಕಟ್ಟೆಯ ಹತ್ತಿರ ನಿಂತಿದ್ದ ನನ್ನನ್ನು ಒಮ್ಮೆ ನೋಡಿ, ಅದನ್ನೂ ಬುಟ್ಟಿಗೆ ಹಾಕಿಕೊಂಡು ಹೊತ್ತಳು. ಬೈದಿದ್ದರೆ ಅವತ್ತೇ ಕೆಲಸ ಬಿಡಿಸುತ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತು.

ಸಂಜೆ ಇನ್ನೊಂದು ಸೌತೆ ಹಿಡಿದು ಬಂದಳು. ಜಗಲಿಯ ಮೆಟ್ಟಿಲ ಮೇಲೆ ಕೂತು, ಕತ್ತಿಯಿಂದ ಎರಡು ಹೋಳು ಮಾಡಿ, ಒಂದನ್ನು ನನ್ನತ್ತ ಚಾಚಿದಳು.

"ತಿನ್ನಿ ಅಮ್ಮ. ನೀವು ತಿಂದಿದ್ದು ನೋಡ್ಕಂಡು ಹೋಗ್ತೀನಿ. ಮಕ್ಕಳಿಗೆ ಕೊಡಬಹುದೋ ಇಲ್ಲವೋ ನಂಗೆ ಗೊತ್ತಾಗ್ಬೇಕು."

ಇಲ್ಲ ಅನ್ನಬಹುದಿತ್ತು. ಅಂದಿದ್ದರೆ ಹಳ್ಳ ಬಿಡಬೇಕಾಗುತ್ತಿತ್ತು. ತಿಂದೆ, ಸಿಪ್ಪೆ ಸಮೇತ. ಅವಳ ಮುಖ ಸಡಿಲವಾಯಿತು. "ಹಂಗಾರೆ ತೊಂದ್ರೆ ಇಲ್ಲ," ಎಂದು ಉಳಿದ ಹೋಳನ್ನು ಸೆರಗಿನಲ್ಲಿ ಸುತ್ತಿಕೊಂಡು ಇಳಿದು ಹೋದಳು.

ನಾನು ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿದೆ. ಪೂರ್ತಿ ಹೊರಗೆ ಬಂತು. ಬಾಯಿ ತೊಳೆದು ಅಂಗಳಕ್ಕೆ ಬಂದಾಗ, ಕೆಳಗಿನ ಮನೆಯಲ್ಲಿ ಅವಳು ಮಕ್ಕಳನ್ನು ಉಣ್ಣಲು ಕರೆಯುತ್ತಿರುವುದು ಕೇಳಿಸಿತು.