ಹಳೇ ಲೆನ್ಸಿನ ಸ್ಟುಡಿಯೋದವರು

ಹೊಸದುರ್ಗದಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಪಕ್ಕ ಒಬ್ಬರು ಸ್ಟುಡಿಯೋ ಇಟ್ಟಿದ್ದರು. ಕ್ಯಾಮೆರಾ ಹೊಸ ಡಿಜಿಟಲ್. ಅದಕ್ಕೆ ಹಾಕುತ್ತಿದ್ದ ಲೆನ್ಸ್ ಮಾತ್ರ ರೀಲಿನ ಕಾಲದ್ದು. ಅದು ತಾನಾಗಿ ಫೋಕಸ್ ಆಗುತ್ತಿರಲಿಲ್ಲ. ಪ್ರತಿ ಮುಖಕ್ಕೂ ಅವರು ಲೆನ್ಸಿನ ರಿಂಗನ್ನು ಕೈಯಲ್ಲೇ ತಿರುಗಿಸಬೇಕಿತ್ತು. ಕುಳಿತವರು ಚಡಪಡಿಸಿದರೆ, “ತಡೀರಿ, ನೀವಿನ್ನೂ ಕಾಣ್ತಿಲ್ಲ” ಅನ್ನುತ್ತಿದ್ದರು. ಎಷ್ಟೋ ಜನ ಬೇಸತ್ತು ಎದುರಿನ ಸ್ಟುಡಿಯೋಗೆ ಹೋಗಿಬಿಡುತ್ತಿದ್ದರು. ಇವರು ಖಾಲಿ ಸ್ಟೂಲಿನ ಕಡೆಗೇ ನೋಡುತ್ತಾ ಲೆನ್ಸ್ ಒರೆಸುತ್ತಿದ್ದರು.

ಒಂದು ಮಧ್ಯಾಹ್ನ ನನ್ನನ್ನು ಕರೆದರು.

“ಬ್ಯಾಂಕಿಗೆ ನನ್ನ ಫೋಟೋ ಬೇಕಂತೆ. ನೀವೇ ತೆಗೀರಿ.”

“ಮೊಬೈಲಲ್ಲಿ ತೆಗೀಲಾ ಸರ್?”

“ಬ್ಯಾಡ, ಇದ್ರಾಗೇ ತೆಗೀರಿ. ನನ್ನ ಕಣ್ಣು ನೋಡ್ಕಂತ ರಿಂಗ್ ತಿರುಗಿಸ್ರಿ.”

ನೆಟ್ಟಗೆ ಕುಳಿತರು. ನಾನು ತಿರುಗಿಸಿದಂತೆ ಮುಖ ಒಮ್ಮೆ ಸ್ಪಷ್ಟವಾಗಿ ಮತ್ತೆ ಮಸುಕಾಗುತ್ತಿತ್ತು. ಬಹಳ ಹೊತ್ತಿನ ಮೇಲೆ ರೆಪ್ಪೆಯ ಒಂದೊಂದು ಕೂದಲೂ ಕಂಡಿತು. ಕಣ್ಣಲ್ಲಿ ನೀರಿತ್ತು.

“ಯಾಕ್ ಸರ್, ಲೈಟು ಚುಚ್ತಾ ಐತಾ?”

“ಇಲ್ಲ. ನನ್ನನ್ನ ಇಷ್ಟೊತ್ತು ಯಾರೂ ನೋಡಿರಲಿಲ್ಲ ಕಣ್ರಿ.”

ಬಟನ್ ಒತ್ತಿದ್ದರೆ ಫೋಟೋ ಮುಗಿಯುತ್ತಿತ್ತು. ನಾನು ಒತ್ತಲಿಲ್ಲ. ಇನ್ನೂ ಸರಿಹೋಗಿಲ್ಲವೆಂಬಂತೆ ರಿಂಗಿನ ಮೇಲೆ ಬೆರಳಾಡಿಸುತ್ತಾ ಅವರನ್ನೇ ನೋಡುತ್ತಾ ನಿಂತೆ.