ದಾರಿ ಎಣ್ಣೆ

ಅವರ ಎಡಗಿವಿಯಲ್ಲಿ ಸದಾ ಒಂದು ಹತ್ತಿಯುಂಡೆ ಇರುತ್ತಿತ್ತು. ಡೀಸೆಲ್ ಮೆತ್ತಿದ ಕೈಯಲ್ಲೇ ಒತ್ತಿಕೊಂಡು ಒತ್ತಿಕೊಂಡು ಅದು ಕಂದು ಬಣ್ಣಕ್ಕೆ ತಿರುಗಿತ್ತು. ಗಂಗೊಳ್ಳಿ ಬಂದರಿನ ಗಾಳಿಗೆ ಕಿವಿ ನೋಯುತ್ತದೆ ಎನ್ನುವುದು ಅವರ ಸಬೂಬು. ಆದರೆ ಬೋಟಿನ ಮಾಲೀಕರು ಬೈಯಲು ಶುರು ಮಾಡಿದರೆ ಮೆಲ್ಲಗೆ ಆ ಕಿವಿಯನ್ನೇ ಅತ್ತ ತಿರುಗಿಸುತ್ತಿದ್ದರು, ನಾನೇ ಎಷ್ಟು ಸಲ ನೋಡಿದ್ದೇನೆ! ಬೋಟುಗಳಿಗೆ ಡೀಸೆಲ್ ತುಂಬಿಸುವ, ಮಾಲೀಕರ ಸಂಘದ್ದೇ ಆದ ಬಂಕಿನಲ್ಲಿ ಅವರು ಸಂಬಳದ ಕೆಲಸಗಾರ. ನಮಗೆಲ್ಲ ಬಂಕಿನ ಮಾಮ.

ನನ್ನಮ್ಮ ಬಂದರಿನ ಏಲಂನಲ್ಲಿ ಬೆಲೆ ಕೂಗಿ ಮೀನು ಕೊಂಡು, ಬುಟ್ಟಿ ಹೊತ್ತು ಹಳ್ಳಿಗಳಲ್ಲಿ ಮಾರುವವಳು. ತೊಂಬತ್ತರ ದಶಕದ ಕೊನೆಯ ಮಾತಿದು. ಮೀನಿನ ನೀರು ಸೋರುತ್ತದೆಂದು ಬಸ್ಸಿನವರು ಬುಟ್ಟಿಯನ್ನು ಒಳಗೆ ಬಿಡುತ್ತಿರಲಿಲ್ಲ. ಹಿಂದಿನ ಏಣಿ ಹತ್ತಿ ಟಾಪಿನ ಮೇಲೆ ಇಡಬೇಕು, ಅದೂ ಕಂಡಕ್ಟರ್ ಸೀಟಿ ಊದುವುದರೊಳಗೆ. ಒಂದು ಬೆಳಿಗ್ಗೆ ಅಮ್ಮ ಆ ಏಣಿಯಿಂದ ಬಿದ್ದಳು, ಮೊಣಕಾಲು ಮುರಿಯಿತು. ನಾನಾಗ ಹೈಸ್ಕೂಲು. ಅಮ್ಮ ಏಳದಿದ್ದರೆ ಮನೆಯಲ್ಲಿ ಒಲೆಯೂ ಉರಿಯುವುದಿಲ್ಲ, ನನ್ನ ಓದೂ ಇಲ್ಲ.

ನೋಡಲು ಬಂದ ಮಾಮ ಮೆಟ್ಟಿಲ ಮೇಲೆ ಕೂತು ಕೇಳಿದರು, "ಬಸ್ಸ್ ನಿಲ್ಸ್ಲಿಲ್ಯಾ?"

"ನಿಲ್ಸಿದ್ರ್ ಅಣ್ಣ. ನನ್ನ್ ಬುಟ್ಟಿ ಕೆಳ್ಗ್ ಹಾಕುಕೆ," ಎಂದಳು ಅಮ್ಮ.

ಮಾಮ ಚಾ ಕೂಡ ಕುಡಿಯದೆ ಎದ್ದು ಹೋದರು. ಆ ವಾರವೇ ಮಾಲೀಕರ ಮೀಟಿಂಗಿಗೆ ಕರೆಯದೆ ಹೋಗಿ ಬಾಗಿಲಲ್ಲಿ ನಿಂತರಂತೆ. ಬೋಟಿಗೆ ಹೋಗುತ್ತಿದ್ದ ನನ್ನ ಚಿಕ್ಕಪ್ಪ ಅಲ್ಲೇ ಇದ್ದ. ಪ್ರತಿ ಬೋಟು ಡೀಸೆಲ್ ತುಂಬಿಸುವಾಗ ಒಂದೊಂದು ಲೀಟರ್ ಬೇರೆ ಡ್ರಮ್ಮಿಗೆ ಬಿಡಬೇಕು, ಆ ಎಣ್ಣೆಯಲ್ಲಿ ಹೆಂಗಸರಿಗೊಂದು ಟೆಂಪೊ ಓಡಬೇಕು ಎನ್ನುವುದು ಮಾಮನ ಬೇಡಿಕೆ.

"ಹೆಂಗ್ಸ್ರ್ ವ್ಯಾಪಾರಕ್ಕೆ ನಾವ್ ಎಂತಕ್ಕ್ ಎಣ್ಣಿ ಕೊಡ್ಕ್?" ಎಂದರು ಒಬ್ಬರು.

"ಹ್ವಾಯ್, ನೀವ್ ಮೀನ್ ದಡಕ್ಕ್ ತತ್ರಿ, ಸಮ. ದಡದಿಂದ ಆಚಿಗೆ ಹೊತ್ಕಂಡ್ ಹೋಪರ್ ಯಾರ್? ನಿಮ್ಮ್ ಬೋಟಿಗೆ ಕಡ್ಲ್ ಇತ್ತ್. ಈ ಹೆಂಗ್ಸ್ರಿಗೂ ಒಂದ್ ದಾರಿ ಬ್ಯಾಡ್ದಾ?"

ಗೊಣಗುತ್ತಲೇ ಒಪ್ಪಿದರು. ಬಂಕಿನ ಮೂಲೆಯಲ್ಲಿ ನೀಲಿ ಡ್ರಮ್ಮು ಬಂತು. ಅದರೊಳಗಿನದಕ್ಕೆ ಬಂದರಿನಲ್ಲಿ ದಾರಿ ಎಣ್ಣೆ ಎಂದೇ ಹೆಸರಾಯಿತು. ಹಳೆಯ ಟೆಂಪೊ ಒಂದು ಬಾಡಿಗೆಗೆ ಸಿಕ್ಕಿತು, ಎರಡೂ ಬದಿಗೆ ಕೂರಲು ಹಲಗೆ ಹೊಡೆಸಿದರು. ಕಾಲು ಗುಣವಾದ ಮೇಲೆ ಅಮ್ಮ ಮೊದಲ ಸಲ ಕೂತುಕೊಂಡು ವ್ಯಾಪಾರಕ್ಕೆ ಹೋದಳು. ಸಂಜೆ ಬಂದವಳು ಮೀನಿನ ಸುದ್ದಿಯನ್ನೇ ಎತ್ತಲಿಲ್ಲ, ಹಲಗೆಯದೇ ವರ್ಣನೆ.

ಎರಡು ವರ್ಷ ಹೀಗೆ ನಡೆಯಿತು. ಆದರೆ ನಮ್ಮವರು ಒಂದು ತಪ್ಪು ಮಾಡಿದ್ದರು. ಬೋಟಿನ ಡೀಸೆಲಿಗೆ ಸರಕಾರ ತೆರಿಗೆ ಬಿಟ್ಟುಕೊಟ್ಟಿತ್ತು, ಕಡಲಿಗೆ ಹೋಗುವ ಎಣ್ಣೆ ಎಂಬ ಕಾರಣಕ್ಕೆ. ಅದನ್ನು ರಸ್ತೆಯ ಗಾಡಿಗೆ ಹಾಕುವಂತಿಲ್ಲ. ನಮ್ಮ ಬೋಟು, ನಮ್ಮ ಎಣ್ಣೆ, ನಮ್ಮ ಹೆಂಗಸರು ಎಂದುಕೊಂಡಿದ್ದ ಬಂದರಿನಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ತಪಾಸಣೆಗೆ ಬಂದ ಅಧಿಕಾರಿ ನೀಲಿ ಡ್ರಮ್ಮು ಯಾರದೆಂದು ಕೇಳಿದರು. ಮಾಲೀಕರೆಲ್ಲ ಸಾಲಾಗಿ ನಿಂತು ನೆಲ ನೋಡಿದರು.

"ನಾನ್ ಇಟ್ಟದ್," ಎಂದರು ಮಾಮ. "ಇವ್ರಿಗ್ಯಾರಿಗೂ ಗೊತ್ತಿಲ್ಲ."

ಅವತ್ತೇ ಅವರ ಕೆಲಸ ಹೋಯಿತು, ಟೆಂಪೊವೂ ನಿಂತಿತು. ಹದಿನೆಂಟು ವರ್ಷದ ಕೆಲಸ, ಒಂದು ವಾಕ್ಯಕ್ಕೆ. ಆ ಮಾಲೀಕರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಮುಚ್ಚಿಟ್ಟು ಏನಾಗಬೇಕು?

ಮರುದಿನ ಹೆಂಗಸರು ಏಲಂಗೆ ಬಂದರು, ಆದರೆ ಒಬ್ಬಳೂ ಬೆಲೆ ಕೂಗಲಿಲ್ಲ. ರಾಶಿ ರಾಶಿ ಬಂಗುಡೆ ಎದುರಿಗೆ, ಏಲಂ ಕೂಗುವವನ ಗಂಟಲು ಒಣಗಿತು, ಇವರು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತರು. ವಿಷಯ ತಿಳಿದು ಮಾಮ ಓಡಿ ಬಂದರು. ಮಾಮನ ಕೆಲಸ ವಾಪಸು ಕೊಡಿ, ಟೆಂಪೊವೂ ಬಿಡಿ ಎಂದು ಕೇಳುವುದೆಂದು ಅಮ್ಮನೂ ಉಳಿದವರೂ ಮಾತಾಡಿಕೊಂಡಿದ್ದರು.

"ಎರಡ್ ಕೇಂಡ್ರೆ ಒಂದೂ ಸಿಕ್ಕುದಿಲ್ಲ," ಎಂದರು ಮಾಮ. "ನನ್ನ್ ಸುದ್ದಿ ಬಿಡಿ. ಟೆಂಪೊ ಮಾತ್ರ ಕೇಣಿ."

ಬಿಸಿಲೇರಿ ಮೀನು ಮೆತ್ತಗಾಗತೊಡಗಿದಾಗ ಮಾಲೀಕರು ಬಗ್ಗಿದರು. ಎಣ್ಣೆಯ ಬದಲು, ಬೋಟಿಗೆ ತುಂಬಿಸುವ ಡೀಸೆಲಿನ ಕ್ಯಾನಿಗಿಷ್ಟು ಎಂದು ಮಾಲೀಕರು ಚಿಲ್ಲರೆ ತೆಗೆದಿಡುವುದು, ಅದರಲ್ಲಿ ಹೆದ್ದಾರಿಯ ಬಂಕಿನಿಂದ ತೆರಿಗೆ ಕಟ್ಟಿದ ಡೀಸೆಲನ್ನೇ ತರುವುದು ಎಂದಾಯಿತು. ಟೆಂಪೊ ಮತ್ತೆ ಓಡಿತು. ಮಾಮ ಕೋಟದ ಬಸ್‌ಸ್ಟಾಪಿನ ಹತ್ತಿರ ಸೈಕಲ್ ಪಂಕ್ಚರ್ ಹಾಕುತ್ತ ಕೂತರು.

ನಾನು ಓದಿ ಟೀಚರಾದೆ. ಕೆಲಸದ ಮೊದಲ ದಿನ ಕೋಟದಲ್ಲಿ ಇಳಿದು ಅವರ ಕಾಲು ಮುಟ್ಟಿದೆ. ಕೆಲಸ ಹೋದದ್ದಕ್ಕೆ ಬೇಸರವಿಲ್ಲವೇ ಎಂದು ಕೇಳಿದರೆ ಅವರು ಬೇರೆಯೇ ಕೇಳಿದರು.

"ಟೆಂಪೊ ಈಗ ಎಲ್ಲಿ ತನ್ಕ ಹೋತ್ ಹೆಣ್ಣೇ?"

"ಶಿರೂರ್ ತನ್ಕ, ಮಾಮ."

"ನಿನ್ನಮ್ಮ?"

"ಕೂತ್ಕಂಡೇ ಹೋತ್ರ್."

ಅವರು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕತೊಡಗಿದರು.

ನಾಲ್ಕು ವರ್ಷದ ಹಿಂದೆ ಮಾಮ ತೀರಿಕೊಂಡರು. ಸುದ್ದಿ ಹೇಳಿದಾಗ ಅಮ್ಮ ಮೀನು ಕೊಯ್ಯುತ್ತಿದ್ದಳು, ಕೈ ನಿಲ್ಲಿಸಿದಳು. ಅಳಲಿಲ್ಲ.

"ಅವ್ರ್ ಬ್ಯಾಡ ಅಂದ್ರ್ ಅಂದೇಳಿ ನಾವ್ ಸುಮ್ನಾಪುದಾ?" ಎಂದಳು. "ಅವತ್ತ್ ಎರಡೂ ಕೇಣ್ಕಿತ್ತ್."